ಗೇಟ್ ಎತ್ತೋರು ಯಾರು, ನೀರು ಬಿಡೋರು ಯಾರು?



ಈ ಪೋಸ್ಟ್ ಸ್ವಲ್ಪ ಉದ್ದ ಇದೆ. ಒಂದೇ ಸಲ ಓದೋಕಾಗದಿದ್ರೆ ಸೇವ್ ಮಾಡಿಟ್ಟುಕೊಂಡು ಭಾನುವಾರ ಓದಿ.

ಮೊನ್ನೆ ನಮ್ಮ ಅಧ್ಯಯನ ಗುಂಪಿನಲ್ಲಿ ತುಂಗಭದ್ರಾ ಡ್ಯಾಮಿನ ವಿಷಯ ಬಂತು. ಎರಡನೇ ಬೆಳೆಗೆ ನೀರಿಲ್ಲ ಅನ್ನೋ ಸುದ್ದಿ, ಹೊಸ ಗೇಟ್ ಕೂಡಿಸೋ ಸುದ್ದಿ. ಒಬ್ಬ ಹುಡುಗ, ಡಿಗ್ರಿ ಎರಡನೇ ವರ್ಷದವನು, ಎದ್ದು ಕೇಳಿದ: "ಅಣ್ಣ, ಡ್ಯಾಮಿನ ನೀರಿನ ವಿಷಯ ರೈತ ಸಂಘದೋರು ನೋಡ್ಕೋತಾರ. ನಮಗ್ಯಾಕ ಇದು? ನಮ್ಮ ಕೇರಿಯೋರಿಗೆ ಹೊಲ ಎಲ್ಲೈತಿ?"

ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಸಿಟ್ಟೂ ಬರಲಿಲ್ಲ. ಅವನು ಕೇಳಿದ್ದರಲ್ಲಿ ಅರ್ಧ ಸತ್ಯ ಇದೆ. ಉಳಿದ ಅರ್ಧ ನಮಗೆ ಯಾರೂ ಹೇಳಿಕೊಟ್ಟಿಲ್ಲ. ಮನೆಗೆ ಬಂದು ನಾಲ್ಕು ದಿನ ಯೋಚನೆ ಮಾಡಿ ಇದನ್ನ ಬರೀತಿದ್ದೀನಿ. ನಾನು ಇಂಜಿನಿಯರ್ ಅಲ್ಲ, ಇತಿಹಾಸದ ಪ್ರೊಫೆಸರೂ ಅಲ್ಲ. ಬಿಎ ಓದಿ ಗುಮಾಸ್ತನ ಕೆಲಸ ಮಾಡೋನು. ನೀರಾವರಿಗೂ ನಮ್ಮ ಕಚೇರಿಗೂ ಸಂಬಂಧ ಇಲ್ಲ. ಆದರೆ ನೀರು ಬಿಡೋ ಕೆಲಸಕ್ಕೂ ನನ್ನ ಮನೆತನಕ್ಕೂ ಸಂಬಂಧ ಇದೆ. ಅಲ್ಲಿಂದಲೇ ಶುರು ಮಾಡ್ತೀನಿ.

ನಮ್ಮ ಅಜ್ಜ ನೀರಗಂಟಿ.

ಈಗಿನ ಹುಡುಗರಿಗೆ ಈ ಪದವೇ ಗೊತ್ತಿಲ್ಲ. ಹಿಂದೆ ಕೆರೆ ಇದ್ದ ಊರಲ್ಲೆಲ್ಲ ಒಬ್ಬ ನೀರಗಂಟಿ ಇರ್ತಿದ್ದ. ತೋಟಿ, ತಳವಾರರ ಜೊತೆ ಅವನೂ ಊರಿನ ಆಯಗಾರರಲ್ಲಿ ಒಬ್ಬ. ಕೆರೆಯ ತೂಬು ಎತ್ತೋದು, ಇಳಿಸೋದು, ಕಾಲುವೆ ಹಿಡಿದು ನಡೆದು ಯಾವ ಗದ್ದೆಗೆ ಎಷ್ಟು ನೀರು ಅಂತ ತಿರುಗಿಸೋದು, ಮಳೆ ಜೋರಾದ ರಾತ್ರಿ ಏರಿ ಮೇಲೆ ಕೂತು ಕೋಡಿ ಕಾಯೋದು, ಎಲ್ಲಾದರೂ ಜಿನುಗಿದರೆ ಊರಿಗೆ ಕೂಗಿ ಹೇಳೋದು ಅವನ ಕೆಲಸ. ತೂಬಿನ ಬಾಯಿಗೆ ಕಸ ಸಿಕ್ಕಿದರೆ ಮುಳುಗಿ ತೆಗೆಯೋನೂ ಅವನೇ. ಸುಗ್ಗಿ ಕಾಲಕ್ಕೆ ಕಣದಲ್ಲಿ ಇಷ್ಟು ಮೊರ ಕಾಳು ಅಂತ ಆಯ ಕೊಡೋರು. ಕೆಲವು ಊರಲ್ಲಿ ಸ್ವಲ್ಪ ಮಾನ್ಯದ ಹೊಲ ಇರ್ತಿತ್ತು.

ಈ ನೀರಗಂಟಿಗಳು ಬಹಳ ಕಡೆ ನಮ್ಮೋರೇ. ಎಲ್ಲ ಕಡೆಯೂ ಅಂತ ಹೇಳಲ್ಲ, ಕೆಲವು ಊರಲ್ಲಿ ಬೇರೆ ಜಾತಿಯೋರೂ ಇದ್ದರು. ಆದರೆ ಬಹಳ ಕಡೆ ಹೊಲೆಯರು, ಕೆಲವು ಕಡೆ ಮಾದಿಗರು.

ಇದನ್ನ ಒಂದು ನಿಮಿಷ ಯೋಚನೆ ಮಾಡಿ. ಇಡೀ ಊರಿನ ನೀರು ಯಾರ ಕೈಯಲ್ಲಿತ್ತೋ ಅವನಿಗೆ ಊರ ಬಾವಿ ಮುಟ್ಟೋ ಹಕ್ಕಿರಲಿಲ್ಲ. ಅವನು ಬಿಟ್ಟ ನೀರಲ್ಲಿ ಬೆಳೆದ ಭತ್ತ ಗುಡಿಯಲ್ಲಿ ನೈವೇದ್ಯ ಆಗ್ತಿತ್ತು, ಅವನಿಗೆ ಗುಡಿಯ ಹೊರಗೆ ಜಾಗ. ಬರಗಾಲದ ವರ್ಷ ಯಾರಿಗೆ ಎಷ್ಟು ನೀರು ಅನ್ನೋ ಲೆಕ್ಕ ಅವನ ತಲೆಯಲ್ಲಿತ್ತು, ತೀರ್ಮಾನ ಮಾತ್ರ ಗೌಡರ ಕಟ್ಟೆ ಮೇಲೆ. ಎತ್ತೋ ಕೈ ನಮ್ಮದು, "ಎತ್ತು" ಅನ್ನೋ ಬಾಯಿ ಬೇರೆಯವರದು.

ಒಂದು ಮಳೆಗಾಲ ಕೆರೆ ಏರಿ ಒಂದು ಕಡೆ ಕುಸಿದಿತ್ತಂತೆ. ಏರಿ ರಿಪೇರಿ ಮಾಡಿಸಿ ಅಂತ ಅಜ್ಜ ಮೊದಲೇ ಎರಡು ಸಲ ಹೇಳಿದ್ದರಂತೆ. ಯಾರೂ ಕೇಳಿರಲಿಲ್ಲ. ಕುಸಿದ ಮೇಲೆ ತಪ್ಪು ಅಜ್ಜನದೇ ಆಯ್ತು. ಆ ವರ್ಷದ ಆಯ ಕೊಡಲಿಲ್ಲ. ಅಪ್ಪ ಈ ಕಥೆ ಹೇಳುವಾಗ ಒಂದೇ ಮಾತು ಸೇರಿಸೋರು: "ನೀರು ನಿಂತ್ರ ಗೌಡ್ರ ಪುಣ್ಯ, ಒಡದ್ರ ನೀರಗಂಟಿ ಪಾಪ."

ಇದು ನಮ್ಮ ಒಂದು ಊರಿನ ಕಥೆ ಮಾತ್ರ ಅಲ್ಲ. ವಿಜಯನಗರದ ಕಾಲಕ್ಕೆ ಹೋಗಿ. ಕೃಷ್ಣದೇವರಾಯ ಹೊಸಪೇಟೆ ಹತ್ತಿರ ಒಂದು ದೊಡ್ಡ ಕೆರೆ ಕಟ್ಟಿಸ್ತಿದ್ದ. ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯೆಸ್ ಅದನ್ನ ಕಣ್ಣಾರೆ ನೋಡಿ ಬರೆದಿದ್ದಾನೆ. ಹದಿನೈದು ಇಪ್ಪತ್ತು ಸಾವಿರ ಜನ ಇರುವೆ ಥರ ತುಂಬಿಕೊಂಡಿದ್ದರಂತೆ. ಏರಿ ಎರಡು ಮೂರು ಸಲ ಒಡೆಯಿತು. ದೇವರಿಗೆ ರಕ್ತ ಬೇಕು ಅಂತ ಪುರೋಹಿತರು ಹೇಳಿದರು. ಅರವತ್ತು ಜನ ಮನುಷ್ಯರು, ಜೊತೆಗೆ ಕುದುರೆ, ಕೋಣಗಳ ತಲೆ ಕಡಿಯೋಕೆ ಅಪ್ಪಣೆ ಆಯ್ತು ಅಂತ ಪಾಯೆಸ್ ಬರೀತಾನೆ. ಆ ಅರವತ್ತು ಜನ ಯಾರು ಅಂತ ಅವನು ಹೇಳಿಲ್ಲ. ಇನ್ನೊಬ್ಬ ಪೋರ್ಚುಗೀಸ, ನೂನಿಜ್, ಅವರು ಮರಣದಂಡನೆಗೆ ಗುರಿಯಾದವರು ಅಂತ ಬರೆದ. ಹಂಪಿ ಉತ್ಸವದಲ್ಲಿ ಚಿನ್ನವನ್ನ ಬಳ್ಳದಲ್ಲಿ ಅಳೆದು ಮಾರಿದ ಕಥೆ ಪ್ರತಿ ವರ್ಷ ಕೇಳ್ತೀವಿ. ಈ ಅರವತ್ತು ತಲೆಗಳ ಕಥೆಯನ್ನ ನಾನಂತೂ ಯಾವ ವೇದಿಕೆ ಮೇಲೂ ಕೇಳಿಲ್ಲ.

ವಿಜಯನಗರದವರ ನೀರಾವರಿ ಕಳಪೆ ಅಂತ ನಾನು ಹೇಳ್ತಿಲ್ಲ. ರಾಯ ಕಾಲುವೆ, ಬಸವಣ್ಣ ಕಾಲುವೆಗಳಲ್ಲಿ ಇವತ್ತಿಗೂ ನೀರು ಹರೀತಿದೆ. ಐನೂರು ವರ್ಷದ ಕೆಲಸ ಅದು, ದೊಡ್ಡದೇ. ಕಟ್ಟಿದವರ ಹೆಸರು ಎಲ್ಲಿ ಅಂತ ಮಾತ್ರ ಕೇಳ್ತಿದ್ದೀನಿ.

ಈಗ ಡ್ಯಾಮಿಗೆ ಬರೋಣ.

ತುಂಗಭದ್ರೆಗೆ ದೊಡ್ಡ ಅಣೆ ಕಟ್ಟಬೇಕು ಅನ್ನೋ ಯೋಚನೆ 1860ರಷ್ಟು ಹಳೆಯದು, ಸರ್ ಆರ್ಥರ್ ಕಾಟನ್ ಕಾಲದ್ದು. 1876ರಿಂದ 78ರವರೆಗೆ ಬಂದ ಭೀಕರ ಬರಗಾಲದಲ್ಲಿ ಬಳ್ಳಾರಿ ಸೀಮೆ ಸುಟ್ಟುಹೋಯಿತು. ಬರದಲ್ಲಿ ಮೊದಲು ಸಾಯೋರು ಯಾರು? ಕಣದಲ್ಲಿ ಕಾಳಿಲ್ಲದೋರು. ಕೂಲಿಯನ್ನೇ ನಂಬಿದೋರು. ಅಷ್ಟು ಸಾವಾದ ಮೇಲೂ ಯೋಜನೆ ಕಾಗದದಲ್ಲೇ ಇತ್ತು. ನದಿಯ ಈ ದಂಡೆ ಮದ್ರಾಸಿನ ಬ್ರಿಟಿಷರದು, ಆ ದಂಡೆ ಹೈದರಾಬಾದ್ ನಿಜಾಮರದು, ಮೇಲೆ ಮೈಸೂರು ಸಂಸ್ಥಾನ. ನೀರು ಹಂಚಿಕೊಳ್ಳೋಕೆ ಒಪ್ಪಂದ ಆಗಲಿಲ್ಲ. ಕೊನೆಗೆ 1944ರಲ್ಲಿ ಮದ್ರಾಸ್ ಮತ್ತು ಹೈದರಾಬಾದ್ ತಲಾ 65 ಟಿಎಂಸಿ ಅಂತ ಒಪ್ಪಿಕೊಂಡವು. 1945ರ ಫೆಬ್ರವರಿ 28ರಂದು ಎರಡೂ ದಂಡೆಯಲ್ಲಿ ಅಡಿಗಲ್ಲು ಬಿತ್ತು. ಎಡದಂಡೆಯಲ್ಲಿ ನಿಜಾಮರ ಮಗ ಬೇರಾರ್ ರಾಜಕುಮಾರ, ಬಲದಂಡೆಯಲ್ಲಿ ಮದ್ರಾಸ್ ಗವರ್ನರ್ ಆರ್ಥರ್ ಹೋಪ್. ಒಂದೇ ಅಣೆಕಟ್ಟು, ಅರ್ಧ ಒಬ್ಬರು ಕಟ್ಟಿದರು, ಅರ್ಧ ಇನ್ನೊಬ್ಬರು. ಕಲ್ಲು, ಸುಣ್ಣ, ಸುರ್ಕಿ ಗಾರೆಯ ಕೆಲಸ. ಮದ್ರಾಸ್ ಕಡೆಯ ಮುಖ್ಯ ಇಂಜಿನಿಯರ್ ತಿರುಮಲೆ ಅಯ್ಯಂಗಾರ್ ಹೆಸರು ಇತಿಹಾಸದಲ್ಲಿದೆ. ಎಡದಂಡೆ ನಾಲೆ ಗುಡ್ಡ ತೂರಿ ಹೋಗೋ ಜಾಗಕ್ಕೆ ಪಾಪಯ್ಯ ಸುರಂಗ ಅಂತ ಇಂಜಿನಿಯರ್ ಹೆಸರಿದೆ. ಅವರು ಕೆಲಸ ಮಾಡಿದ್ದಾರೆ, ಹೆಸರು ಇರಲಿ. ಆದರೆ ಆ ಗುಡ್ಡ ಕೊರೆದೋರ ಹೆಸರಿನ ಒಂದು ಕಲ್ಲನ್ನೂ ನಾನು ಅಲ್ಲಿ ನೋಡಿಲ್ಲ.

ನಮ್ಮ ಅಜ್ಜ ಕಾಯ್ತಿದ್ದ ಕೆರೆ ಈ ಡ್ಯಾಮಿನ ಹಿನ್ನೀರಲ್ಲಿ ಮುಳುಗಿತು.

ತೊಂಬತ್ತರಷ್ಟು ಹಳ್ಳಿಗಳು ಮುಳುಗಿದವು. ನಾರಾಯಣದೇವರಕೆರೆ ಅಂಥ ದೊಡ್ಡ ಊರೇ ನೀರಿನಡಿ ಹೋಯಿತು, ಅಲ್ಲಿನ ಜನ ಮರಿಯಮ್ಮನಹಳ್ಳಿಗೆ ಬಂದರು. ನಮ್ಮದು ಸಣ್ಣ ಊರು, ಹೆಸರು ಹೇಳಿದರೂ ಯಾರಿಗೂ ಗೊತ್ತಾಗಲ್ಲ. ಹೊಲ ಇದ್ದೋರಿಗೆ ಹೊಲದ ಲೆಕ್ಕ, ಮನೆ ಇದ್ದೋರಿಗೆ ಮನೆಯ ಲೆಕ್ಕ ಆಯ್ತು. ನಮ್ಮ ಅಜ್ಜನ ಹತ್ತಿರ ಇದ್ದದ್ದು ಒಂದು ಕೆಲಸ. ಕೆರೆ ನೋಡಿ ಎಷ್ಟು ದಿನದ ನೀರು ಉಳಿದಿದೆ ಅಂತ ಹೇಳೋ ಒಂದು ವಿದ್ಯೆ. ಅದಕ್ಕೆ ಪರಿಹಾರದ ಪುಸ್ತಕದಲ್ಲಿ ಕಾಲಂ ಇರಲಿಲ್ಲ. ಎರಡು ಎಕರೆ ಮಾನ್ಯ ಇತ್ತಂತೆ, ಅದು ಆಗಲೇ ಸಾಹುಕಾರರೊಬ್ಬರ ಒತ್ತೆಯಲ್ಲಿತ್ತು. ಅಜ್ಜ ಅಜ್ಜಿ ಇಬ್ಬರೂ ಡ್ಯಾಮಿನ ಕೆಲಸಕ್ಕೇ ಕೂಲಿ ಹೋದರು. ತಮ್ಮ ಊರು ಮುಳುಗಿಸೋ ಗೋಡೆಗೆ ತಾವೇ ಕಲ್ಲು ಹೊತ್ತರು.

1953ರ ಜುಲೈ 1ರಂದು ನಾಲೆಗೆ ಮೊದಲ ಸಲ ನೀರು ಬಿಟ್ಟರು. ಅದೇ ವರ್ಷ ಅಕ್ಟೋಬರ್ 1ಕ್ಕೆ ಆಂಧ್ರ ರಾಜ್ಯ ಹುಟ್ಟಿತು, ಬಳ್ಳಾರಿ ಮೈಸೂರಿಗೆ ಸೇರಿತು. ಅಲ್ಲಿಗೆ ಡ್ಯಾಮ್ ಒಂದು ರಾಜ್ಯದ ಸೊತ್ತಾಗಿ ಉಳಿಯಲಿಲ್ಲ. ಆಂಧ್ರ ರಾಜ್ಯ ಕಾಯ್ದೆಯ 66ನೇ ಕಲಂ ಪ್ರಕಾರ ತುಂಗಭದ್ರಾ ಮಂಡಳಿ ಬಂತು. 1956ರಲ್ಲಿ ರಾಯಚೂರು, ಕೊಪ್ಪಳ ಸೀಮೆ ಕೂಡ ನಮ್ಮ ರಾಜ್ಯಕ್ಕೆ ಬಂದ ಮೇಲೆ ಎಡದಂಡೆ ನಾಲೆ ಪೂರ್ತಿ ಇತ್ತ ಬಂತು.

ಇಲ್ಲಿ ಬಾಬಾಸಾಹೇಬರ ಬಗ್ಗೆ ಹೇಳಲೇಬೇಕು. ಸರಿಯಾಗಿ ಹೇಳಬೇಕು.

ದೇಶದ ಎಲ್ಲ ಡ್ಯಾಮ್ ಬಾಬಾಸಾಹೇಬರೇ ಕಟ್ಟಿಸಿದ್ದು ಅಂತ ನಮ್ಮವರೇ ಕೆಲವರು ಪೋಸ್ಟ್ ಹಾಕ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ತುಂಗಭದ್ರಾ ಅವರ ಯೋಜನೆ ಅಲ್ಲ. ಒಂದು ಸುಳ್ಳು ಸಿಕ್ಕಿಬಿದ್ದರೆ ನಮ್ಮ ಹತ್ತು ಸತ್ಯವನ್ನೂ ಜನ ನಂಬಲ್ಲ. ಅವರು ಮಾಡಿದ ಕೆಲಸವೇ ಬೇಕಾದಷ್ಟಿದೆ. 1942ರಿಂದ 1946ರವರೆಗೆ ವೈಸರಾಯ್ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಸದಸ್ಯರಾಗಿದ್ದಾಗ ನೀರಾವರಿ, ವಿದ್ಯುತ್ ಅವರ ಇಲಾಖೆಗೆ ಸೇರಿತ್ತು. ದಾಮೋದರ ಕಣಿವೆ ಯೋಜನೆಯ ಸಭೆಗಳನ್ನ ನಡೆಸಿದರು. ಒಡಿಶಾದ ಮಹಾನದಿಗೆ ಬರೀ ಪ್ರವಾಹ ತಡೆಯೋ ಒಡ್ಡು ಸಾಲದು, ನೀರು ಹಿಡಿದಿಟ್ಟು ನೀರಾವರಿ, ವಿದ್ಯುತ್, ಸಾಗಾಟ ಎಲ್ಲಕ್ಕೂ ಬಳಸಬೇಕು ಅಂತ 1945ರಲ್ಲೇ ಕಟಕ್‌ನಲ್ಲಿ ವಾದಿಸಿದರು. ಇವತ್ತಿನ ಕೇಂದ್ರ ಜಲ ಆಯೋಗದ ಮೂಲ ಸಂಸ್ಥೆ ಅವರ ಕಾಲದಲ್ಲೇ, 1945ರಲ್ಲಿ ಶುರುವಾದದ್ದು. ರಾಜ್ಯಗಳ ನಡುವಿನ ನದಿ ಜಗಳ ಹೇಗೆ ಬಗೆಹರಿಸಬೇಕು ಅನ್ನೋ ಸಂವಿಧಾನದ 262ನೇ ವಿಧಿಯೂ ಅವರು ಅಧ್ಯಕ್ಷರಾಗಿದ್ದ ಕರಡು ಸಮಿತಿಯ ಕೈಯಿಂದ ಬಂದದ್ದು.

ಆದರೆ ನನಗೆ ಮುಖ್ಯ ಅನಿಸೋದು ಇನ್ನೊಂದು. ನೀರಾವರಿ ಸಚಿವ ಅಂತ ಕೂರೋಕೆ ಮೊದಲು ಆ ಮನುಷ್ಯ ಮಹಾಡಿನ ಚೌದಾರ್ ಕೆರೆಗೆ ಹೋಗಿದ್ದರು. 1927ರ ಮಾರ್ಚ್ 20. ಒಂದು ಬೊಗಸೆ ನೀರು. ಆ ಬೊಗಸೆ ನೀರಿನ ಕೇಸು ಬಾಂಬೆ ಹೈಕೋರ್ಟಿನಲ್ಲಿ ಮುಗಿದದ್ದು 1937ರಲ್ಲಿ, ಹತ್ತು ವರ್ಷ ಆದ ಮೇಲೆ. 1928ರಲ್ಲಿ ವತನ್ ಕಾಯ್ದೆಗೆ ತಿದ್ದುಪಡಿ ಮಸೂದೆ ತಂದರು. ವತನ್ ಅಂದರೆ ಏನು? ಚೂರು ಹೊಲ, ಚೂರು ಕಾಳು ಕೊಟ್ಟು ಇಡೀ ಕುಲವನ್ನ ತಲೆತಲಾಂತರ ಊರಿನ ಚಾಕರಿಗೆ ಕಟ್ಟಿಹಾಕೋದು. ನಮ್ಮ ಅಜ್ಜನ ನೀರಗಂಟಿ ಮಾನ್ಯ ಅದರದ್ದೇ ತಮ್ಮ. ನಮ್ಮ ರಾಜ್ಯದಲ್ಲಿ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಬಂದದ್ದು 1961ರಲ್ಲಿ, ಜಾರಿಯಾದದ್ದು 1963ರಲ್ಲಿ. ಅಷ್ಟೊತ್ತಿಗೆ ನಮ್ಮ ಅಜ್ಜನ ಕೆರೆಯೂ ಇರಲಿಲ್ಲ, ಅಜ್ಜನೂ ಇರಲಿಲ್ಲ.

ಸರಿ, ಡ್ಯಾಮ್ ಬಂತು. ನೀರು ಬಿಡೋ ತೀರ್ಮಾನ ಈಗ ಯಾರದು?

ಇಲ್ಲಿ ಸ್ವಲ್ಪ ಲೆಕ್ಕ ಹೇಳ್ತೀನಿ, ಬೇಜಾರಾಗಬೇಡಿ. ಪೇಪರ್‌ನಲ್ಲಿ ಟಿಎಂಸಿ, ಕ್ಯೂಸೆಕ್ ಅಂತ ದಿನಾ ಓದಿ ಪುಟ ತಿರುಗಿಸ್ತೀವಿ. ಕ್ಯೂಸೆಕ್ ಅಂದರೆ ಒಂದು ಸೆಕೆಂಡಿಗೆ ಒಂದು ಘನ ಅಡಿ ನೀರು ಹರಿಯೋದು. ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ. ಸುಮಾರು 11,574 ಕ್ಯೂಸೆಕ್ ನೀರು ಒಂದು ಇಡೀ ದಿನ ಹರಿದರೆ ಒಂದು ಟಿಎಂಸಿ. ಎಡದಂಡೆ ನಾಲೆಗೆ ನಾಲ್ಕು ಸಾವಿರ ಕ್ಯೂಸೆಕ್ ಬಿಟ್ಟರೆ ಮೂರು ದಿನಕ್ಕೆ ಒಂದು ಟಿಎಂಸಿ ಖರ್ಚು. ಈ ಒಂದು ಲೆಕ್ಕ ತಲೆಯಲ್ಲಿಟ್ಟುಕೊಳ್ಳಿ. ಆಮೇಲೆ ಯಾವ ಮಂತ್ರಿಯೂ ನಿಮಗೆ ನೀರಿನ ವಿಷಯದಲ್ಲಿ ಟೋಪಿ ಹಾಕೋಕಾಗಲ್ಲ.

ಡ್ಯಾಮ್ ಕಟ್ಟಿದಾಗ ಸುಮಾರು 133 ಟಿಎಂಸಿ ಹಿಡೀತಿತ್ತು. ಹೂಳು ತುಂಬಿ ಈಗ 105.79. ಅಂದರೆ 27 ಟಿಎಂಸಿ ಜಾಗ ಮಣ್ಣಿನ ಪಾಲು. ಬಚಾವತ್ ನ್ಯಾಯಮಂಡಳಿ ಈ ಡ್ಯಾಮಿನಿಂದ ಬಳಸೋಕೆ ಹಂಚಿದ್ದು ಒಟ್ಟು 212 ಟಿಎಂಸಿ. ಕರ್ನಾಟಕಕ್ಕೆ 138.99, ಆಗಿನ ಆಂಧ್ರಕ್ಕೆ 73.01. ಹಿಡಿಯೋದು ನೂರೈದು, ಹಂಚಿರೋದು ಇನ್ನೂರ ಹನ್ನೆರಡು. ಹೇಗೆ ಸಾಧ್ಯ? ಮಳೆಗಾಲದಲ್ಲಿ ಬರ್ತಾ ಇರೋ ನೀರನ್ನ ಬಂದ ಹಾಗೇ ನಾಲೆಗೆ ಬಿಡ್ತಾ, ಮಳೆ ನಿಲ್ಲೋ ಹೊತ್ತಿಗೆ ಡ್ಯಾಮ್ ಭರ್ತಿ ಇಟ್ಟುಕೊಂಡರೆ ಮಾತ್ರ. ಆದ್ದರಿಂದ ನೀರು ಬಿಡೋದು ಬರೀ ಗುಂಡಿ ಒತ್ತೋ ಕೆಲಸ ಅಲ್ಲ. ಬೇಗ ಭರ್ತಿ ಮಾಡಿದರೆ ಮಲೆನಾಡಲ್ಲಿ ಜೋರು ಮಳೆ ಬಿದ್ದ ದಿನ ಲಕ್ಷ ಕ್ಯೂಸೆಕ್ ಒಮ್ಮೆಲೆ ನದಿಗೆ ಬಿಡಬೇಕು, ಕಂಪ್ಲಿ ಸೇತುವೆ ಮುಳುಗುತ್ತೆ, ನದಿ ದಂಡೆಯ ಗುಡಿಸಲಿಗೆ ನೀರು ನುಗ್ಗುತ್ತೆ. ನಿಧಾನ ಮಾಡಿದರೆ ಮಳೆ ಕೈಕೊಟ್ಟು ಬೇಸಿಗೆಗೆ ಕುಡಿಯೋ ನೀರಿಗೂ ತತ್ವಾರ. ನಮ್ಮ ಅಜ್ಜ ಏರಿ ಮೇಲೆ ಕೂತು ಮಾಡ್ತಿದ್ದ ಯೋಚನೆಯೇ ಇದು. ಗಾತ್ರ ದೊಡ್ಡದು, ಅಷ್ಟೇ.

ಮೂರು ರಾಜ್ಯದ ನಡುವೆ ಎಷ್ಟು ಅಂತ ಮಂಡಳಿ ನೋಡುತ್ತೆ. ನಮ್ಮ ನಾಲೆಗಳಿಗೆ ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ಎಷ್ಟು ಕ್ಯೂಸೆಕ್ ಅನ್ನೋದನ್ನ ನೀರಾವರಿ ಸಲಹಾ ಸಮಿತಿ ಸಭೆ ಹೇಳುತ್ತೆ. ನಾವೆಲ್ಲ ಐಸಿಸಿ ಸಭೆ ಅಂತೀವಿ. ಮಂತ್ರಿ, ಶಾಸಕರು, ಅಧಿಕಾರಿಗಳು, ರೈತ ಮುಖಂಡರು ಇರ್ತಾರೆ. ನೀರು ಕಡಿಮೆ ಇದ್ದರೆ ಆನ್ ಅಂಡ್ ಆಫ್ ಪದ್ಧತಿ. ಇಷ್ಟು ದಿನ ಹರಿಸೋದು, ಇಷ್ಟು ದಿನ ನಿಲ್ಲಿಸೋದು.

ಕಾಗದದಲ್ಲಿ ಎಲ್ಲ ಚೆಂದ ಇದೆ. ಇನ್ನು ನಾಲೆ ಹಿಡಿದು ನಡೀರಿ.

ಎಡದಂಡೆ ನಾಲೆ 227 ಕಿಲೋಮೀಟರ್. ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿ, ಕೊನೆಗೆ ರಾಯಚೂರು. ಈ ನಾಲೆ ಮಾಡಿದ್ದು ಭತ್ತದ ಸಮುದ್ರ ಮಾಡೋಕೆ ಅಲ್ಲ. ಬರ ಬೀಳೋ ಸೀಮೆಯಲ್ಲಿ ಆದಷ್ಟೂ ಹೆಚ್ಚು ಜನಕ್ಕೆ ಸ್ವಲ್ಪ ಸ್ವಲ್ಪ ನೀರು ಮುಟ್ಟಲಿ, ಜೋಳ, ಹತ್ತಿ, ಕಡಲೆ, ಶೇಂಗಾ ಒಣಗದಿರಲಿ ಅಂತ. ಯಾವ ಸರ್ವೆ ನಂಬರಿನಲ್ಲಿ ಯಾವ ಬೆಳೆ ಅಂತ ಸರ್ಕಾರವೇ ನಿಗದಿ ಮಾಡಿತ್ತು. ಭತ್ತ, ಕಬ್ಬಿಗೆ ಇದ್ದ ಪಾಲು ಚಿಕ್ಕದು. ಆದದ್ದೇನು? ನಾಲೆಯ ತಲೆಯಲ್ಲಿ ಕರಾವಳಿ ಆಂಧ್ರದಿಂದ ದುಡ್ಡು ತಂದವರು ಹೊಲ ಕೊಂಡರು, ಕ್ಯಾಂಪ್‌ಗಳಾದವು, ಭತ್ತ ಹಾಕಿದರು. ಅವರನ್ನ ನೋಡಿ ಇಲ್ಲಿನ ದೊಡ್ಡ ಹಿಡುವಳಿದಾರರೂ ಭತ್ತಕ್ಕೆ ಬಂದರು. ಕ್ಯಾಂಪಿನೋರನ್ನ ಬೈಯೋಕೆ ಇದನ್ನ ಹೇಳ್ತಿಲ್ಲ. ಕಷ್ಟಪಟ್ಟು ದುಡಿದರು, ನಿಜ. ಆದರೆ ಒಂದು ಎಕರೆ ಭತ್ತ ಕುಡಿಯೋ ನೀರಲ್ಲಿ ಹಲವು ಎಕರೆ ಜೋಳ ಆಗುತ್ತೆ. ತಲೆಯಲ್ಲಿ ಕುಡಿದದ್ದು ಬಾಲದಲ್ಲಿ ಇಲ್ಲ. ಮಾನ್ವಿ, ರಾಯಚೂರು ಕಡೆ ಕೊನೆ ಭಾಗದ ರೈತರು ವರ್ಷ ವರ್ಷ ರಸ್ತೆಗೆ ಇಳಿಯೋದು ಈ ಕಾರಣಕ್ಕೆ.

ನಮ್ಮ ಅಪ್ಪನಿಗೆ ಸಿಕ್ಕಿದ್ದು ಆ ಬಾಲದಲ್ಲೇ ಎರಡು ಎಕರೆ. ದರಖಾಸ್ತು ಜಮೀನು. ಕಾಗದದ ಪ್ರಕಾರ ನೀರಾವರಿ.

ನಾನು ಏಳನೇ ಕ್ಲಾಸಿನಲ್ಲಿದ್ದಾಗ ಒಂದು ರಾತ್ರಿ ಅಪ್ಪನ ಜೊತೆ ಕಾಲುವೆಗೆ ಹೋಗಿದ್ದೆ. ನಮ್ಮ ಪಾಳಿ ರಾತ್ರಿ ಎರಡರಿಂದ ಅಂತ ಹೇಳಿದ್ದರು. ಕೈಯಲ್ಲಿ ಕಂದೀಲು, ಅಪ್ಪನ ಹೆಗಲಲ್ಲಿ ಸಲಿಕೆ. ಹೋಗಿ ನೋಡಿದರೆ ಕಾಲುವೆಯಲ್ಲಿ ಪಾದ ಮುಳುಗೋಷ್ಟು ನೀರು. ಅಪ್ಪ ಮೇಲಕ್ಕೆ ನಡೀತಾ ಹೋದರು, ನಾನು ಹಿಂದೆ. ಎರಡು ಮೈಲಿ ಮೇಲೆ ದೊಡ್ಡ ಹೊಲದೋರೊಬ್ಬರು ತೂಬಿನ ಪೈಪ್ ಒಡೆದು ಅಗಲ ಮಾಡಿ ಕಲ್ಲು ಅಡ್ಡ ಇಟ್ಟು ಅಷ್ಟೂ ನೀರು ತಿರುಗಿಸಿಕೊಂಡಿದ್ದರು. ಅಲ್ಲಿ ಇಬ್ಬರು ಆಳು ಕೂತಿದ್ದರು. ನಮ್ಮ ಕೇರಿಯೋರೇ. ಕಾವಲಿಗೆ ಕೂಲಿ ಇಟ್ಟಿದ್ದರು. ಅಪ್ಪ ಅವರನ್ನ ನೋಡಿದರು, ಅವರು ಅಪ್ಪನ್ನ ನೋಡಿದರು. ಒಬ್ಬರು ಹೇಳಿದರು, "ನಾವೇನ್ ಮಾಡೋಣು ಮಾವ, ನಮ್ಮ ಕೂಲಿ ಹೋಗ್ತೈತಿ." ಅಪ್ಪ ಏನೂ ಅನ್ನಲಿಲ್ಲ. ಒಂದು ಬೀಡಿ ಹಚ್ಚಿ ಅವರಿಗೊಂದು ಕೊಟ್ಟರು. ಸ್ವಲ್ಪ ಹೊತ್ತು ಕೂತು ವಾಪಸ್ ಬಂದೆವು. ಆ ವರ್ಷ ನಮ್ಮ ಹತ್ತಿ ಒಣಗಿತು.

ಆ ರಾತ್ರಿ ಬಗ್ಗೆ ನನಗೆ ಇವತ್ತಿಗೂ ಹೇಗೆ ಯೋಚನೆ ಮಾಡಬೇಕೋ ಗೊತ್ತಿಲ್ಲ. ನೀರು ಕಳೆದುಕೊಂಡೋನೂ ನಮ್ಮೋನು, ನೀರು ತಡೆದು ಕೂತೋನೂ ನಮ್ಮೋನು. ನೀರು ಹರಿದದ್ದು ಮಾತ್ರ ಬೇರೆಯವರ ಹೊಲಕ್ಕೆ.

ನೀರು ಬಂದರೆ ಜಾತಿ ಹೋಗುತ್ತೆ, ಅಭಿವೃದ್ಧಿ ಆದರೆ ಎಲ್ಲ ಸರಿ ಹೋಗುತ್ತೆ ಅಂತ ಹೇಳೋರು ಇದ್ದಾರೆ. ಅವರಿಗೆ ಗಂಗಾವತಿ ತಾಲ್ಲೂಕಿನ ಮರಕುಂಬಿ ತೋರಿಸಿ. ಭತ್ತದ ಕಣಜ ಅಂತ ಹೆಸರಾದ ತಾಲ್ಲೂಕು. 2014ರ ಆಗಸ್ಟ್‌ನಲ್ಲಿ ಅಲ್ಲಿ ನಮ್ಮವರ ಗುಡಿಸಲಿಗೆ ಬೆಂಕಿ ಬಿತ್ತು. ಕ್ಷೌರದ ಅಂಗಡಿಗೆ, ಹೋಟೆಲ್‌ಗೆ ಬಿಡಲ್ಲ ಅನ್ನೋ ಹಳೇ ವಿಷಯವೇ ಅದರ ಹಿಂದೆ. ಹತ್ತು ವರ್ಷದ ನಂತರ, 2024ರ ಅಕ್ಟೋಬರ್ 24ರಂದು ಕೊಪ್ಪಳ ನ್ಯಾಯಾಲಯ 98 ಜನಕ್ಕೆ ಜೀವಾವಧಿ ಶಿಕ್ಷೆ ಕೊಟ್ಟಿತು. ಪ್ರಕರಣ ಮೇಲ್ಮನವಿಗೆ ಹೋಗಿದೆ. ನಾಲೆಯಲ್ಲಿ ಎಪ್ಪತ್ತು ವರ್ಷದಿಂದ ನೀರು ಹರೀತಿರೋ ಸೀಮೆ ಅದು. ನೀರು ಹೊಲಕ್ಕೆ ಹೋಯಿತು, ಕೇರಿಗೆ ನ್ಯಾಯ ಬರೋಕೆ ಕೋರ್ಟೇ ಬೇಕಾಯಿತು.

ಈಗ 19ನೇ ಗೇಟಿಗೆ ಬರ್ತೀನಿ.

2024ರ ಆಗಸ್ಟ್ 10ರ ರಾತ್ರಿ. ಡ್ಯಾಮ್ ಹೆಚ್ಚೂಕಡಿಮೆ ಭರ್ತಿ. ಒಟ್ಟು 33 ಗೇಟ್. ಚೈನ್ ಲಿಂಕ್ ತುಂಡಾಗಿ 19ನೇ ಗೇಟ್ ಕೊಚ್ಚಿಹೋಯಿತು. ಆ ಒಂದು ಬಾಯಿಂದಲೇ 35 ಸಾವಿರ ಕ್ಯೂಸೆಕ್. ಮೇಲೆ ಹೇಳಿದ ಲೆಕ್ಕ ಹಾಕಿ ನೋಡಿ, ದಿನಕ್ಕೆ ಮೂರು ಟಿಎಂಸಿ. ಒತ್ತಡ ಕಡಿಮೆ ಮಾಡೋಕೆ ಉಳಿದ ಗೇಟ್‌ಗಳನ್ನೂ ತೆರೆದರು, ನದಿಗೆ ಲಕ್ಷ ಕ್ಯೂಸೆಕ್ ಹೋಯಿತು. ಗೇಟ್ ಮುರಿದರೆ ಮುಂದೆ ಅಡ್ಡ ಇಳಿಸೋಕೆ ಸ್ಟಾಪ್‌ಲಾಗ್ ವ್ಯವಸ್ಥೆ ಎಷ್ಟೋ ಡ್ಯಾಮ್‌ಗಳಲ್ಲಿರುತ್ತೆ. ಇಲ್ಲಿ ಇರಲಿಲ್ಲ. 60 ಟಿಎಂಸಿಯಷ್ಟು ನೀರು ಖಾಲಿ ಮಾಡದೆ ರಿಪೇರಿ ಆಗಲ್ಲ ಅನ್ನೋ ಮಾತು ಬಂತು. ಗೇಟ್ ತಜ್ಞ ಕನ್ನಯ್ಯ ನಾಯ್ಡು ಬಂದರು. ಹರಿಯೋ ನೀರಲ್ಲೇ ಸ್ಟಾಪ್‌ಲಾಗ್ ಇಳಿಸೋಣ ಅಂದರು. ಆಗಸ್ಟ್ 16ರ ರಾತ್ರಿ ಮೊದಲ ತುಂಡು ಕೂತಿತು, 17ಕ್ಕೆ ಕೆಲಸ ಮುಗಿಯಿತು. ಅಷ್ಟರಲ್ಲಿ ಮೂವತ್ತು ಟಿಎಂಸಿಗೂ ಹೆಚ್ಚು ನೀರು ಹೋಗಿತ್ತು. ಆಮೇಲೆ ಮಳೆ ಕೈಹಿಡಿದು ಡ್ಯಾಮ್ ಮತ್ತೆ ತುಂಬಿತು.

ನಾಯ್ಡು ಅವರಿಗೆ ಸನ್ಮಾನ ಆಗಲೇಬೇಕಿತ್ತು. ಆ ವಯಸ್ಸಲ್ಲಿ ಅಷ್ಟು ಧೈರ್ಯ! ಆದರೆ ನನ್ನ ಕಣ್ಣು ಹೋದದ್ದು ಟಿವಿಯಲ್ಲಿ ಹಿಂದೆ ಕಾಣ್ತಿದ್ದೋರ ಮೇಲೆ. ಕೆಳಗೆ ಅಬ್ಬರಿಸೋ ನೀರು, ಮೇಲೆ ಕ್ರೇನ್, ನಡುವೆ ಕಬ್ಬಿಣಕ್ಕೆ ಜೋತುಬಿದ್ದು ತುಂಡನ್ನ ಸರಿಯಾದ ಜಾಗಕ್ಕೆ ಕೂರಿಸ್ತಿದ್ದ ಕಾರ್ಮಿಕರು. ಅವರ ಜಾತಿ ನನಗೆ ಗೊತ್ತಿಲ್ಲ, ಕೇಳೋದೂ ಇಲ್ಲ. ಅವರು ಮಾಡ್ತಿದ್ದದ್ದು ಮಾತ್ರ ತೂಬಿನ ಬಾಯಿಗೆ ಮುಳುಗೋ ನೀರಗಂಟಿಯ ಕೆಲಸ.

ಮುಂದೆ ಏನಾಯ್ತು ನೋಡಿ. 33 ಗೇಟೂ ಹಳೆಯವು, ಬದಲಿಸಬೇಕು ಅಂತ ತೀರ್ಮಾನ ಆಯ್ತು. 2025ರ ಮಳೆಗಾಲದಲ್ಲಿ ಗೇಟ್‌ಗಳ ಮೇಲೆ ಭಾರ ಬೀಳಬಾರದು ಅಂತ ಸಂಗ್ರಹಕ್ಕೆ 80 ಟಿಎಂಸಿಯಷ್ಟು ಮಿತಿ ಹಾಕಿದರು. ಗೇಟ್ ಕೂಡಿಸೋಕೆ ನೀರು ಇಳಿಸಬೇಕು, ಆದ್ದರಿಂದ ಎರಡನೇ ಬೆಳೆಗೆ ನೀರಿಲ್ಲ. ಇದು ತಪ್ಪು ತೀರ್ಮಾನ ಅಂತ ನಾನು ಹೇಳಲ್ಲ. ಡ್ಯಾಮ್ ಉಳೀಬೇಕು. ಇವತ್ತು ಬದಲಿಸದಿದ್ದರೆ ನಾಳೆ ಇನ್ನೊಂದು ಚೈನ್ ತುಂಡಾಗಬಹುದು.

ನನ್ನ ತಕರಾರು ಬೇರೆ. ಎರಡನೇ ಬೆಳೆ ಇಲ್ಲ ಅಂದಾಗ ಎಕರೆಗೆ ಇಷ್ಟು ಪರಿಹಾರ ಕೊಡಿ ಅಂತ ಬೇಡಿಕೆ ಬಂತು. ನ್ಯಾಯದ ಬೇಡಿಕೆ. ಆದರೆ ಎಕರೆ ಇಲ್ಲದೋರಿಗೆ? ನಾಟಿ ಹಚ್ಚೋ ಹೆಣ್ಣುಮಕ್ಕಳು, ಕಳೆ ತೆಗೆಯೋರು, ಚೀಲ ಹೊರೋ ಹಮಾಲರು, ಇವರಿಗೆ ಎರಡನೇ ಬೆಳೆ ಅಂದರೆ ಬೇಸಿಗೆಯ ಅನ್ನ. ಅದು ಹೋದರೆ ಬೆಂಗಳೂರಿಗೋ ಹೈದರಾಬಾದಿಗೋ ಗುಳೆ. ಗುಳೆ ಹೋದ ಮನೆಯ ಮಕ್ಕಳ ಶಾಲೆ ಅಲ್ಲಿಗೆ ಮುಗೀತು. ನಮ್ಮ ಅಜ್ಜ ಊರು ಬಿಟ್ಟಾಗ ಪುಸ್ತಕದಲ್ಲಿ ಇಲ್ಲದ ಕಾಲಂ ಎಪ್ಪತ್ತು ವರ್ಷ ಆದ ಮೇಲೂ ಇಲ್ಲ.

ನೀರು ಬಳಕೆದಾರರ ಸಹಕಾರ ಸಂಘಗಳಿವೆ. ಸದಸ್ಯ ಆಗಬೇಕಾದರೆ ಅಚ್ಚುಕಟ್ಟಲ್ಲಿ ಹೊಲ ಇರಬೇಕು. ಕಾಲುವೆ ಹೂಳು ಎತ್ತೋನು ಬಳಕೆದಾರ ಅಲ್ಲ. ನಾಲೆ ಮೇಲೆ ದಿನಗೂಲಿಗೆ ತೂಬು ಎತ್ತೋನೂ ಅಲ್ಲ. ಇನ್ನು ಹೂಳಿನಿಂದ ಹೋದ ನೀರಿಗೆ ಬದಲು ನವಲಿ ಹತ್ತಿರ ಸಮಾನಾಂತರ ಜಲಾಶಯ ಅಂತ ವರ್ಷಗಳಿಂದ ಹೇಳ್ತಿದ್ದಾರೆ. ಆಗಲಿ. ಆದರೆ ಈ ಸಲ ಯಾರ ಹೊಲ, ಯಾರ ಕೇರಿ ಮುಳುಗುತ್ತೆ ಅಂತ ಮೊದಲ ದಿನದಿಂದ ನಾವೇ ಪಟ್ಟಿ ಇಟ್ಟುಕೊಳ್ಳಬೇಕು.

ನನಗೆ ಅನಿಸೋ ನಾಲ್ಕು ಬೇಡಿಕೆ ಬರೀತೀನಿ. ತಪ್ಪಿದ್ದರೆ ಕಾಮೆಂಟಿನಲ್ಲಿ ತಿದ್ದಿ.

1. ಐಸಿಸಿ ಸಭೆಯಲ್ಲಿ ಕೊನೆ ಭಾಗದ ಸಣ್ಣ ಹಿಡುವಳಿದಾರರಿಗೂ ಕೃಷಿ ಕೂಲಿಕಾರರಿಗೂ ಪ್ರತಿನಿಧಿ ಇರಬೇಕು. ಅದರಲ್ಲಿ ಪರಿಶಿಷ್ಟರು, ಹೆಣ್ಣುಮಕ್ಕಳು ಇರಬೇಕು.

2. ನೀರು ನಿಲ್ಲಿಸೋ ತೀರ್ಮಾನ ಆದ ದಿನವೇ ಅಚ್ಚುಕಟ್ಟಿನ ಪಂಚಾಯ್ತಿಗಳಲ್ಲಿ ಉದ್ಯೋಗ ಖಾತ್ರಿ ಕೆಲಸ ಶುರುವಾಗಬೇಕು. ನಾಲೆ ಒಣಗಿದಾಗಲೇ ಅಲ್ವಾ ಹೂಳು ಎತ್ತೋಕಾಗೋದು?

3. ಪ್ರತಿ ವಿತರಣಾ ನಾಲೆಯ ತಲೆಯಲ್ಲಿ, ಬಾಲದಲ್ಲಿ ದಿನಾ ಎಷ್ಟು ನೀರು ಹರೀತು ಅಂತ ಪಂಚಾಯ್ತಿ ಗೋಡೆ ಮೇಲೆ ಬರೀಬೇಕು. ಡ್ಯಾಮಿನ ಮಟ್ಟ ದಿನಾ ಪೇಪರಿನಲ್ಲಿ ಬರುತ್ತೆ, ನಮ್ಮ ಕಾಲುವೆಯ ಮಟ್ಟ ಎಲ್ಲೂ ಬರಲ್ಲ.

4. ಗೇಟ್ ಮೇಲೆ, ನಾಲೆ ಮೇಲೆ ಕೆಲಸ ಮಾಡೋರಿಗೆ ಕಾಯಂ ನೌಕರಿ, ವಿಮೆ, ಸುರಕ್ಷತೆ. 33 ಹೊಸ ಗೇಟ್ ಜೊತೆ ಡ್ಯಾಮ್ ಕಟ್ಟಿದ ಕೂಲಿಕಾರರ ನೆನಪಿಗೆ ಒಂದು ಕಲ್ಲು. ಅಷ್ಟೂ ಜನರ ಹೆಸರು ಸಿಗಲ್ಲ, ಗೊತ್ತು. "ಕಟ್ಟಿದವರು" ಅಂತಾದರೂ ಬರೀಲಿ.

ತಮ್ಮಾ, ನಿನ್ನ ಪ್ರಶ್ನೆಗೆ ಉತ್ತರ ಇಷ್ಟೇ. ನಮಗೆ ಹೊಲ ಇಲ್ಲ, ನಿಜ. ಆದರೆ ಈ ಸೀಮೆಯಲ್ಲಿ ನೀರು ಹರಿದದ್ದು ನಮ್ಮ ಕೈ ಮೇಲಿಂದ. ಹೊಲ ಇಲ್ಲ ಅಂತ ನೀರಿನ ಮಾತೂ ಬಿಟ್ಟುಕೊಟ್ಟರೆ, ನಾವು ಮತ್ತೆ ಕಟ್ಟೆ ಕೆಳಗೆ ನಿಂತು "ಎತ್ತು" ಅಂದಾಗ ಎತ್ತೋರು ಆಗ್ತೀವಿ. ಮಹಾಡಿಗೆ ಹೋದೋರಿಗೂ ಕೆರೆಯ ದಂಡೆಯಲ್ಲಿ ಹೊಲ ಇರಲಿಲ್ಲ.

ನಿಮ್ಮ ಮನೆತನದಲ್ಲೂ ನೀರಗಂಟಿ, ಸೌಡಿ, ನಾಲೆ ಕೂಲಿ ಮಾಡಿದೋರು ಇದ್ದರೆ ಅವರ ಹತ್ತಿರ ಕೂತು ಕೇಳಿ ಬರೆದು ಹಾಕಿ. ನಮ್ಮ ಅಪ್ಪ ಹೋದ ವರ್ಷ ತೀರಿಕೊಂಡರು. ಅಜ್ಜ ಕೆರೆ ನೀರು ನೋಡಿ ದಿನ ಹೇಗೆ ಲೆಕ್ಕ ಹಾಕ್ತಿದ್ದರು ಅಂತ ನಾನು ಅಪ್ಪನ್ನ ಕೇಳಿಟ್ಟುಕೊಳ್ಳಲಿಲ್ಲ. ನೀವು ಆ ತಪ್ಪು ಮಾಡಬೇಡಿ.

ಜೈ ಭೀಮ್.